ಕಿವಿ ಹುಡುಕುವ ಉಣ್ಣಿ

ಕಚ್ಚಿ ಕೊಲ್ಲುವ ಹುಳವನ್ನೇ ಕಚ್ಚಿ ಕಾಪಾಡುವ ಹುಳವನ್ನಾಗಿ ಮಾಡಿಬಿಟ್ಟರೆ?

ಈ ಪ್ರಶ್ನೆ ಮೊದಲ ಸಲ ತಲೆಗೆ ಬಂದಾಗ ದಾಕ್ಷಾಯಿಣಿಗೆ ಇಪ್ಪತ್ತೊಂಬತ್ತು ವರ್ಷ. ಈಗ ಮೂವತ್ತೆಂಟು. ನಡುವಿನ ಒಂಬತ್ತು ವರ್ಷ ಅವಳು ಉಣ್ಣಿ ಸಾಕಿದ್ದಳು. ಹಸು ಸಾಕುವವರಿದ್ದಾರೆ, ಕೋಳಿ ಸಾಕುವವರಿದ್ದಾರೆ, ಜೇನು ಸಾಕುವವರೂ ಇದ್ದಾರೆ. ಅವರನ್ನು ಜನ ಮನೆಯೊಳಗೆ ಕರೆದು ಕೂರಿಸುತ್ತಾರೆ. ನೆಂಟರ ಮದುವೆಯಲ್ಲಿ ಪಕ್ಕದ ಎಲೆಯವರು “ಏನು ಕೆಲಸ ಮಾಡ್ತೀಯಮ್ಮ?” ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಎಲೆಯ ಸಮೇತ ಎರಡು ಜಾಗ ಆಚೆ ಸರಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮನೆಯಲ್ಲಂತೂ ಅತ್ತೆ ಪಂಕಜಮ್ಮ ಪ್ರತಿ ಸಂಜೆ ಹಿತ್ತಿಲ ಬಾಗಿಲಲ್ಲಿ ಕನ್ನಡಕ ಏರಿಸಿ ನಿಂತಿರುತ್ತಿದ್ದರು. ಸೊಸೆಯ ತಲೆಗೂದಲು, ಕುತ್ತಿಗೆ, ಚೂಡಿದಾರದ ಅಂಚು ಎಲ್ಲವನ್ನೂ ತಪಾಸಣೆ ಮಾಡಿ, “ಸರಿ, ಒಳಗೆ ಬಾ” ಎಂದ ಮೇಲೇ ಕಾಫಿ.

ಬೇರೆ ಕಡೆ ಮೊದಲಿನಿಂದಲೂ ಇದ್ದ ನೆತ್ತರು ಜ್ವರ ದುರ್ಗದ ಸೀಮೆಯ ಹುಲ್ಲುಗಾವಲುಗಳಿಗೆ ಬಂದು ಮೂರು ವರ್ಷವಾಗಿತ್ತು. ಮೊದಲ ಮೂರು ದಿನ ಅದು ಎಲ್ಲ ಜ್ವರದ ಹಾಗೇ ಇರುತ್ತದೆ. ಮೈಕೈ ನೋವು, ಚಳಿ. ನಾಲ್ಕನೆಯ ದಿನ ವಸಡಿನಲ್ಲಿ ರಕ್ತ ಒಸರುತ್ತದೆ, ಚರ್ಮದಡಿ ನೇರಳೆ ಹಣ್ಣು ಜಜ್ಜಿದಂತೆ ಕಲೆಗಳೇಳುತ್ತವೆ. ಆಮೇಲೆ ಹತ್ತರಲ್ಲಿ ನಾಲ್ಕು ಜನ ಉಳಿಯುವುದಿಲ್ಲ. ಮೊದಲ ಮೂರು ದಿನದೊಳಗೆ ಔಷಧಿ ಬಿದ್ದರೆ ಬದುಕಬಹುದು, ಆದರೆ ಸಾಮಾನ್ಯ ಜ್ವರಕ್ಕೆ ಯಾರು ಆಸ್ಪತ್ರೆಗೆ ಓಡುತ್ತಾರೆ?

ಜ್ವರದ ವೈರಸ್ಸು ಇರುವುದು ಉಣ್ಣಿಯಲ್ಲಿ. ಉಣ್ಣಿ ಕುರಿಗೆ ಕಚ್ಚಿದರೆ ಕುರಿಗೆ ಏನೂ ಆಗುವುದಿಲ್ಲ, ಅದು ಮೇಯ್ದುಕೊಂಡೇ ಇರುತ್ತದೆ. ಆದರೆ ಒಂದು ವಾರ ಅದರ ರಕ್ತದಲ್ಲಿ ವೈರಸ್ಸು ತುಂಬಿಕೊಂಡು, ಆ ವಾರ ರಕ್ತ ಕುಡಿದ ಉಣ್ಣಿಗೆಲ್ಲ ಹಂಚಿಕೆಯಾಗುತ್ತದೆ. ಕುರಿಯೆನ್ನುವುದು ಈ ವೈರಸ್ಸಿಗೆ ಊಟ, ವಸತಿ ಎರಡೂ ಇರುವ ಛತ್ರ. ಛತ್ರದ ಬಾಗಿಲು ಹಾಕಿದರೆ ಮನುಷ್ಯರವರೆಗೆ ಬರುವ ದಾರಿಯೇ ಮುಚ್ಚಿತು. ಕುರಿಗೆ ಸೂಜಿ ಹಾಕಬಹುದಿತ್ತು; ಹಾಕಿಯೂ ನೋಡಿದ್ದರು. ಮೂರು ಸಲ ಹಾಕಬೇಕು, ಐಸಿನಲ್ಲಿಟ್ಟು ತರಬೇಕು. ಎರಡನೆಯ ಸೂಜಿಯ ಹೊತ್ತಿಗೆ ಹಿಂಡು ಅರವತ್ತು ಮೈಲಿ ಆಚೆಗಿರುತ್ತಿತ್ತು, ಅದರಲ್ಲಿ ಇಪ್ಪತ್ತು ಹೊಸ ಮರಿಗಳೂ ಹುಟ್ಟಿರುತ್ತಿದ್ದವು. ಅಲೆಯುವ ಹಿಂಡಿನಲ್ಲಿ ನಿನ್ನೆ ಹುಟ್ಟಿದ ಮರಿಯನ್ನೂ ತಪ್ಪದೆ ಹುಡುಕಿಕೊಂಡು ಹೋಗುವ ಪ್ರಾಣಿ ಒಂದೇ, ಅದು ಉಣ್ಣಿ.

ಹಾಗಾಗಿ ದಾಕ್ಷಾಯಿಣಿ ಉಣ್ಣಿಯ ಜೊಲ್ಲಿಗೇ ಲಸಿಕೆ ಸೇರಿಸಿದಳು. ಜ್ವರದ ವೈರಸ್ಸಿನ ದಾಯಾದಿಯೊಂದನ್ನು ಹಲ್ಲು ಕಿತ್ತು ಸಾಧುಮಾಡಿ, ಉಣ್ಣಿಯ ಜೊಲ್ಲಿನ ಗ್ರಂಥಿಯಲ್ಲಿ ಕೂರಿಸಿದಳು. ಹೊರಗೆ ಬಿಡುವ ಉಣ್ಣಿಗಳ ಮೇಲೆ ಕಿರಣ ಹಾಯಿಸಿ ಮೊಟ್ಟೆಯಿಡದಂತೆ ಮಾಡಿದ್ದರಿಂದ ಸಂತತಿ ಬೆಳೆಯುವ ಭಯವಿರಲಿಲ್ಲ. ಬರಿಗಣ್ಣಿಗೆ ಅವು ಕಾವಲಿನ, ಅಂದರೆ ಹುಲ್ಲುಗಾವಲಿನ, ಉಣ್ಣಿಯಂತೆಯೇ. ನೇರಳೆ ಟಾರ್ಚು ಬಿಟ್ಟರೆ ಮಾತ್ರ ಮೈ ತಿಳಿಹಸಿರಾಗಿ ಹೊಳೆಯುತ್ತಿತ್ತು. ಒಂದು ಕರಾರು ಮಾತ್ರ ಇತ್ತು. ಜೊಲ್ಲಿನ ಲಸಿಕೆ ಎಚ್ಚರವಾಗುವುದು ಕಚ್ಚಿದ ನಾಲ್ಕನೆಯ ದಿನ. ಅಲ್ಲಿಯವರೆಗೆ ಉಣ್ಣಿ ಕುರಿಯ ಮೇಲೆ ಕೂತಿರಬೇಕು.

ಕಾರ್ತಿಕದಲ್ಲಿ ಹನ್ನೆರಡು ಹಿಂಡುಗಳು ರಾತ್ರಿ ತಂಗುವ ರೊಪ್ಪದ ಬೇಲಿಗೆ ಉಣ್ಣಿ ತುಂಬಿದ ಕಾಗದದ ಕೊಳವೆಗಳನ್ನು ಸಿಕ್ಕಿಸಿ ಬಂದರು. ಪುಷ್ಯದಲ್ಲಿ ಕುರಿಗಳ ರಕ್ತ ತಂದು ಪರೀಕ್ಷೆಗಿಟ್ಟರು. ಲಸಿಕೆ ಹತ್ತಿದ ಕುರಿಯದಾದರೆ ತಟ್ಟೆಯ ಗುಳಿಯಲ್ಲಿ ಹಳದಿ ಬಣ್ಣ ಬರಬೇಕು. ಹನ್ನೊಂದು ಹಿಂಡುಗಳದು ಅರಿಶಿನ ಕಲಸಿದಂತೆ ಬಂತು. ಕರೇಬಂಡೆ ಹಟ್ಟಿಯ ಹಿಂಡು ಮಾತ್ರ, ನೂರ ನಲವತ್ತು ಕುರಿಯದೂ, ಬರೀ ನೀರು.

“ನಿಮ್ಮ ಹುಳ ಅಲ್ಲಿಗೆ ಹೋಗಿಯೇ ಇಲ್ಲವೇನೋ,” ಎಂದರು ಸಂಶೋಧನಾ ಕೇಂದ್ರದ ಮುಖ್ಯಸ್ಥ ಫಣೀಂದ್ರ.

“ಕೊಳವೆ ಖಾಲಿಯಾಗಿವೆ ಸರ್. ನಾನೇ ನೋಡಿದೆ.”

“ಹಾಗಾದರೆ ಎಲ್ಲಿ ಹೋದವು? ದಾಕ್ಷಾಯಿಣಿ, ಹೋದ ವರ್ಷ ಸಾವಾಗಿದ್ದು ಆ ಹಿಂಡಿನವರ ಮನೆಯಲ್ಲೇ. ವೈರಸ್ಸು ಇರೋದೇ ಅಲ್ಲಿ. ಮಾಘ ಮುಗಿದ ಮೇಲೆ ಅವರು ಕೆಳಗಿನ ಬಯಲಿಗೆ ಇಳೀತಾರೆ, ಎಲ್ಲ ಹಿಂಡಿನ ಜೊತೆ ಸೇರ್ತಾರೆ. ಆ ಒಂದು ಹಿಂಡು ಹೀಗೇ ಹೋದರೆ ಮಿಕ್ಕ ಹನ್ನೊಂದು ಕಟ್ಕೊಂಡು ಏನು ಮಾಡೋದು?”

ಅವರ ಮಾತಿನಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. ದಾಕ್ಷಾಯಿಣಿಗೆ ಅದೇ ಹೆಚ್ಚು ಚುಚ್ಚಿತು. ಮರುದಿನವೇ ಟಾರ್ಚು ಹಿಡಿದು ಹೊರಟಳು.

ಹಿಂಡು ಮಧ್ಯಾಹ್ನ ಜಾಲಿ ಮರಗಳ ಕೆಳಗೆ ಬಿಡುವು ಮಾಡಿಕೊಂಡಿತ್ತು. ಚಿತ್ತಮ್ಮ ಕಂಬಳಿಯ ಮೇಲೆ ಕಾಲು ಚಾಚಿ ಕೂತು, ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣಿ ಕೀಳುತ್ತಿದ್ದಳು. ಐವತ್ತೈದರ ಮೇಲಿನ ಹೆಂಗಸು. ಹೋದ ಚೈತ್ರದಲ್ಲಿ ನೆತ್ತರು ಜ್ವರದಿಂದ ತೀರಿಕೊಂಡ ಸಿರಿಯಣ್ಣ ಅವಳ ದೊಡ್ಡ ಮಗ. ಈಗ ಉಳಿದಿರುವುದು ಚಿಕ್ಕವನು, ಇಪ್ಪತ್ತನಾಲ್ಕರ ಕ್ಯಾತಣ್ಣ. ಅವನು ಆಚೆ ಟಗರುಗಳಿಗೆ ಸೊಪ್ಪು ಕಡಿಯುತ್ತಿದ್ದ. ಕಾಲಿನ ಮುಳ್ಳು ತೆಗೆಯುವ ಚಿಮಟದಲ್ಲಿ ಚಿತ್ತಮ್ಮ ಉಣ್ಣಿಯ ಬುಡ ಹಿಡಿದು ಎಳೆಯುವುದು, ಪಕ್ಕದ ಕರಟದ ಸೋಪಿನ ನೀರಿಗೆ ಹಾಕುವುದು, ಇಷ್ಟೂ ಒಂದು ಉಸಿರಿನ ಕೆಲಸ. ಉಣ್ಣಿ ಕೀಳುವುದರಲ್ಲಿ ಸುತ್ತಲ ಹಟ್ಟಿಗಳಲ್ಲೆಲ್ಲ ಅವಳದೇ ಹೆಸರು. ಬೇರೆಯವರು ವಾರಕ್ಕೊಮ್ಮೆ ದಪ್ಪನೆಯವನ್ನು ಕಿತ್ತು ಸುಮ್ಮನಾದರೆ ಇವಳು ದಿನವೂ ಹಿಂಡನ್ನೆಲ್ಲ ಒಂದು ಸುತ್ತು ಹಾಕುತ್ತಿದ್ದಳು.

“ಬಾರವ್ವ ಡಾಕ್ಟ್ರಮ್ಮ, ಕುಂತ್ಕ,” ಎಂದಳು ತಲೆ ಎತ್ತದೆ.

ದಾಕ್ಷಾಯಿಣಿ ಕರಟದೊಳಗೆ ಇಣುಕಿದಳು. ಬಿಸಿಲಿನಲ್ಲಿ ಏನೂ ತಿಳಿಯುವಂತಿರಲಿಲ್ಲ. “ಅಮ್ಮ, ಸ್ವಲ್ಪ ಈ ಕಂಬಳಿ ಹೊದ್ದುಕೊಳ್ಳೋಣ, ಒಂದು ನೋಡೋದಿದೆ,” ಎಂದಳು. ಚಿತ್ತಮ್ಮ ಇವಳನ್ನು ಒಂದು ಥರ ನೋಡಿ, ಆದರೂ ಕಂಬಳಿ ಎಳೆದಳು. ಇಬ್ಬರು ಹೆಂಗಸರು ನಡುಮಧ್ಯಾಹ್ನ ಕಂಬಳಿಯೊಳಗೆ ತಲೆ ತೂರಿಸಿ ಕೂತಿದ್ದನ್ನು ನೋಡಿ ದೂರದಿಂದ ಕ್ಯಾತಣ್ಣ ಕತ್ತಿ ನಿಲ್ಲಿಸಿದ. ದಾಕ್ಷಾಯಿಣಿ ಟಾರ್ಚು ಒತ್ತಿದಳು.

ಕರಟದ ತುಂಬ ಹಸಿರು ಹೊಳೆಯಿತು. ಒಂದೆರಡನ್ನು ಬಿಟ್ಟರೆ ಎಲ್ಲವೂ ಅವಳು ಸಾಕಿದವೇ. ಒಂಬತ್ತು ವರ್ಷದ ಕೆಲಸ ಸೋಪಿನ ನೀರಿನಲ್ಲಿ ತೇಲುತ್ತಿತ್ತು.

“ಇದೇನವ್ವ, ಮಿಣುಕುಹುಳ ಇದ್ದಂಗೈತೆ!”

“ಇವನ್ನೇ ಯಾಕೆ ಕೀಳ್ತೀರಮ್ಮ? ಬೇರೆಯವನ್ನ ಬಿಟ್ಟು?”

“ಮೊದ್ಲು ಇವು. ಹೊತ್ತುಳಿದ್ರೆ ಆಮ್ಯಾಕೆ ಬೇರೇವು. ಇವು ನಮ್ಮ ಕಾವಲಿನವಲ್ಲ ಕಣವ್ವ.”

ಸೂಕ್ಷ್ಮದರ್ಶಕದಡಿ ಇಟ್ಟರೂ ಎರಡಕ್ಕೂ ವ್ಯತ್ಯಾಸವಿಲ್ಲವೆಂದು ಅವಳೇ ಸಹಿ ಮಾಡಿ ವರದಿ ಕಳಿಸಿದ್ದಳು. “ಹೇಗೆ ಗೊತ್ತಾಗುತ್ತೆ ನಿಮಗೆ?”

ಚಿತ್ತಮ್ಮ ಕಂಬಳಿ ಸರಿಸಿ ಕುರಿಯನ್ನು ಹೊರಳಿಸಿದಳು. “ನಮ್ಮುವು ಮಾನವಾಗಿ ಸಂದೀಲಿ ಅವಿತ್ಕಂತಾವೆ. ಬಾಲದ ಬುಡ, ತೊಡೆ ಸಂದಿ, ಕೆಚ್ಚಲ ಹಿಂದೆ. ಇವು ಹಂಗಲ್ಲ. ಮೈಮ್ಯಾಲೆ ಎಲ್ಲಿ ಬಿದ್ರೂ ಸೀದಾ ಕಿವಿಗೇ ಹೋಗಿ ಕುಂತ್ಕಂತಾವೆ. ಯಾರೋ ದಾರಿ ಹೇಳಿಕೊಟ್ಟಂಗೆ.”

ದಾರಿ ಹೇಳಿಕೊಟ್ಟವಳು ಎದುರಿಗೇ ಕೂತಿದ್ದಳು. ಪ್ರಯೋಗಶಾಲೆಯಲ್ಲಿ ಉಣ್ಣಿಗೆ ಆಹಾರವೆಂದರೆ ಮೊಲದ ರಕ್ತ. ಮೊಲದ ಕಿವಿಗೆ ಬಟ್ಟೆಯ ಚೀಲ ಕಟ್ಟಿ ಅದರೊಳಗೆ ಉಣ್ಣಿ ಬಿಡುತ್ತಾರೆ. ಬೇರೆ ಕಡೆ ಬಿಟ್ಟರೆ ಮೊಲ ಕೆರೆದುಕೊಂಡು ಉದುರಿಸುತ್ತದೆ. ಕಿವಿಯಲ್ಲಿ ಚೆನ್ನಾಗಿ ಕಚ್ಚಿ ಕೂತವುಗಳಿಂದ ಮಾತ್ರ ಮುಂದಿನ ತಲೆಮಾರು. ಹೀಗೆ ಒಂಬತ್ತು ವರ್ಷ, ಹದಿನೆಂಟು ತಲೆಮಾರು. ಯಾರ ಮನಸ್ಸಿಗೂ ಬಾರದೆಯೇ ಕಿವಿ ಹುಡುಕುವ ಉಣ್ಣಿಯ ಒಂದು ವಂಶವೇ ತಯಾರಾಗಿಬಿಟ್ಟಿತ್ತು.

“ಅವು ನಾವು ಬಿಟ್ಟ ಉಣ್ಣಿ, ಅಮ್ಮ,” ಎಂದಳು. ಕೊಳವೆ, ಲಸಿಕೆ, ನಾಲ್ಕು ದಿನದ ಲೆಕ್ಕ, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೋದಂತೆ ಚಿತ್ತಮ್ಮನ ಮುಖ ಕಪ್ಪಿಟ್ಟಿತು.

“ನನಿಗ್ಯಾಕೆ ಹೇಳ್ಲಿಲ್ಲ?”

ವೈಶಾಖದಲ್ಲೇ ಹಟ್ಟಿಯ ಕಟ್ಟೆಯ ಮುಂದೆ ಸಭೆ ನಡೆದಿತ್ತು. ಅರವತ್ತು ಜನ ಗಂಡಸರು ಬಂದಿದ್ದರು, ಟೀ ಕುಡಿದು ಹೆಬ್ಬೆಟ್ಟು ಒತ್ತಿ ಹೋಗಿದ್ದರು. ಉಣ್ಣಿ ಕೀಳುವವರು ಹೆಂಗಸರು. ಅವರನ್ನು ಕರೆಯಬೇಕೆಂದು ಪಟ್ಟಿ ಮಾಡಿದ ಯಾರಿಗೂ ತೋಚಿರಲಿಲ್ಲ, ದಾಕ್ಷಾಯಿಣಿಗೂ ತೋಚಿರಲಿಲ್ಲ. ಆಗ ಸಿರಿಯಣ್ಣ ತೀರಿಹೋಗಿ ತಿಂಗಳೂ ಆಗಿರಲಿಲ್ಲ. ಕ್ಯಾತಣ್ಣ ಹೆಬ್ಬೆಟ್ಟೊತ್ತಿ ಬಂದು ತಾಯಿಗೆ “ಕುರಿಗೇನೋ ಲಸಿಕೆಯಂತೆ” ಎಂದಷ್ಟೇ ಹೇಳಿದ್ದ. ಈಗ ಸೊಪ್ಪಿನ ಹೊರೆ ಇಳಿಸಿ ಬಂದವನು ತಲೆ ತಗ್ಗಿಸಿದ. “ಉಣ್ಣಿ ಬಿಡ್ತಾರೆ ಅಂದಿದ್ರೆ ನೀನು ನನ್ನ ಹಟ್ಟಿ ಬಿಟ್ಟು ಓಡುಸ್ತಿದ್ದೆ ಕಣವ್ವ.”

“ಬಾಯ್ಮುಚ್ಚು ನೀನು,” ಎಂದಳು ತಾಯಿ. ಆಮೇಲೆ ದಾಕ್ಷಾಯಿಣಿಯ ಕಡೆ ತಿರುಗಿದಳು. “ಕಿವೀಲಿ ಇವನ್ನ ಕಂಡಾಗ ಏನಂದ್ಕಂಡೆ ಗೊತ್ತಾ? ಹೋದ ವರ್ಷಾನೂ ಇದ್ವೇನೋ, ನನ್ನ ಕಣ್ಣಿಗೇ ಬೀಳ್ಲಿಲ್ಲವೇನೋ, ಇವೇ ನನ್ನ ಮಗನ್ನ ತಿಂದ್ವೇನೋ ಅಂತ. ಉಂಡಿಲ್ಲ, ಮಲಗಿಲ್ಲ, ಒಂದೊಂದೇ ಹುಡುಕಿ ಕಿತ್ತಿದೀನಿ.”

ಕುರಿಯೊಂದು ಸೀನಿತು.

“ನಿನ್ನ ಉಣ್ಣಿ ಇವನಿಗೆ ಕಚ್ಚಿದ್ರೆ?” ಚಿತ್ತಮ್ಮ ಮಗನ ಕಡೆ ಗದ್ದ ತೋರಿಸಿದಳು.

ಕರಪತ್ರದಲ್ಲಿ ಇದಕ್ಕೆ ಉತ್ತರವಿತ್ತು: ಸಂಪೂರ್ಣ ಸುರಕ್ಷಿತ. ದಾಕ್ಷಾಯಿಣಿಯ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಕಣ್ಣುಗಳ ಎದುರು ಹೇಳಲು ಬಾಯಿ ಬರಲಿಲ್ಲ. “ಏನೂ ಆಗಬಾರದು ಅಮ್ಮ. ಕೋತಿಗಳ ಮೇಲೆ ನೋಡಿದೀವಿ, ಏನೂ ಆಗಲಿಲ್ಲ. ಮನುಷ್ಯರ ಮೇಲೆ ನೋಡಿಲ್ಲ. ಖಂಡಿತ ಅಂತ ನಾನು ಹೇಳಲಾರೆ.”

ಚಿತ್ತಮ್ಮ ಬಹಳ ಹೊತ್ತು ಚಿಮಟವನ್ನೇ ತಿರುವಿದಳು. “ಸಿರಿಯಣ್ಣ ಮಲಗಿದಾಗ ಎಲ್ರೂ ಖಂಡಿತ ಬದುಕ್ತಾನೆ, ಖಂಡಿತ ಬದುಕ್ತಾನೆ ಅಂದ್ರು. ನೀನೊಬ್ಬಳು ಖಂಡಿತ ಅನ್ಲಿಲ್ಲ,” ಎಂದು, ಕುರಿಯ ಕಿವಿಯನ್ನು ಬಿಟ್ಟು ಬಾಲದ ಕಡೆ ಹೊರಳಿಸಿದಳು. “ಹುಂ, ತಗಂಬಾ ನಿನ್ನ ಹುಳ. ಎಂಟು ದಿನ ಕಿವಿ ಮುಟ್ಟಲ್ಲ. ಮಿಕ್ಕಿದ್ದು ಮಾತ್ರ ಒಂದೂ ಬಿಡಲ್ಲ.”

ಆ ಸಂಜೆ ಹಿತ್ತಿಲ ಬಾಗಿಲಲ್ಲಿ ತಪಾಸಣೆ ಮುಗಿಸಿ ಅತ್ತೆ “ಸರಿ, ಬಾ” ಎಂದಾಗ ದಾಕ್ಷಾಯಿಣಿ ಒಳಗೆ ಹೋಗಲಿಲ್ಲ. “ಕಿವಿ ಹಿಂದೆ ನೋಡಿ ಅತ್ತೆ,” ಎಂದಳು. ಪಂಕಜಮ್ಮ ಕನ್ನಡಕ ಮತ್ತೆ ಏರಿಸಿದರು. “ಆರು ವರ್ಷದಿಂದ ನೋಡ್ತಿದೀನಿ, ಇವತ್ತು ಹೇಳ್ತೀಯಲ್ಲೇ!” ಎಂದು ಕಿವಿ ಹಿಂಡಿದಂತೆಯೇ ಹಿಡಿದು ನೋಡಿದರು.

ಹೊಸ ಕೊಳವೆಗಳನ್ನು ಸಿಕ್ಕಿಸಿದ ಆರನೆಯ ದಿನ ಬೆಳಿಗ್ಗೆ ಫೋನು ಬಂತು. ಕ್ಯಾತಣ್ಣನಿಗೆ ಜ್ವರ. ಚಿತ್ತಮ್ಮ ಅದೇ ಗಳಿಗೆಯಲ್ಲಿ ಆಟೋ ಹಿಡಿದು ಮಗನನ್ನು ಆಸ್ಪತ್ರೆಗೆ ತಂದು, ಪ್ರತ್ಯೇಕ ಕೋಣೆಗೆ ಸೇರಿಸಿ, ಕೇಂದ್ರದ ಗೇಟಿನಲ್ಲಿ ಒಂದು ಬೆಂಕಿಪೊಟ್ಟಣ ಕೊಟ್ಟು ಹೋಗಿದ್ದಳು. ಪೊಟ್ಟಣದೊಳಗೆ ಒಂದು ಉಣ್ಣಿ, ಜೀವಂತ.

ಕತ್ತಲ ಕೋಣೆಯಲ್ಲಿ ದಾಕ್ಷಾಯಿಣಿ ಪೊಟ್ಟಣ ತೆರೆದು ಟಾರ್ಚಿನ ಗುಂಡಿಯ ಮೇಲೆ ಬೆರಳಿಟ್ಟಳು. ಅವಳ ತಲೆಯಲ್ಲಿ ಒಂದೇ ಮಾತು: ಇದು ನನ್ನದಾಗಿದ್ದರೆ? ಖಂಡಿತ ಅನ್ನಲಾರೆ ಎಂದು ಹೇಳಿದ ಮಾತ್ರಕ್ಕೆ ಹೊಣೆ ಕಳೆಯುತ್ತದೆಯೇ? ನೇರಳೆ ಬೆಳಕು ಬಿತ್ತು. ಉಣ್ಣಿ ಕಪ್ಪಗೆ, ಬರೀ ಕಪ್ಪಗೆ ಇತ್ತು. ಹೊಳೆಯಲಿಲ್ಲ. ಅವಳು ಗೋಡೆಗೊರಗಿ ಉಸಿರು ಬಿಟ್ಟಳು. ಮರುಗಳಿಗೆಯೇ ತನ್ನ ಆ ಸಮಾಧಾನಕ್ಕೆ ತಾನೇ ನಾಚಿದಳು. ತನ್ನ ಹುಳವಲ್ಲವೆಂದರೆ ಕಾವಲಿನದು, ಕಾವಲಿನದೆಂದರೆ ಆ ಹುಡುಗನ ಮೈಯಲ್ಲಿರುವುದು ನಿಜವಾದ ನೆತ್ತರು ಜ್ವರವೇ. ಮಧ್ಯಾಹ್ನದ ಹೊತ್ತಿಗೆ ಯಂತ್ರವೂ ಅದನ್ನೇ ಹೇಳಿತು. ಉಣ್ಣಿಯಲ್ಲಿ ವೈರಸ್ಸಿತ್ತು, ಕ್ಯಾತಣ್ಣನ ರಕ್ತದಲ್ಲಿಯೂ ಇತ್ತು. ಆದರೆ ಜ್ವರದ ಮೊದಲ ದಿನ. ಔಷಧಿ ಆಗಲೇ ನರದೊಳಗೆ ಇಳಿಯುತ್ತಿತ್ತು.

ಸಂಜೆ ರೊಪ್ಪದ ಕಡೆ ಹೋಗುವಾಗ ಅವಳಿಗೆ ಒಂದು ವಿಷಯದಲ್ಲಿ ಅನುಮಾನವಿರಲಿಲ್ಲ: ಕಿವಿಯ ಉಣ್ಣಿಗಳು ಒಂದೂ ಉಳಿದಿರುವುದಿಲ್ಲ. ಒಬ್ಬ ಮಗನನ್ನು ಕಳೆದುಕೊಂಡವಳು, ಇನ್ನೊಬ್ಬನ ಮೈ ಬಿಸಿಯಾದಾಗ ಹುಳ ಬಿಟ್ಟವರ ಮಾತು ನೆನೆದುಕೊಂಡು ಕೂರುತ್ತಾಳೆಯೇ? ಕಿತ್ತಿದ್ದರೆ ಒಂದು ಮಾತೂ ಆಡಬಾರದೆಂದು ಗಟ್ಟಿಮಾಡಿಕೊಂಡಳು.

ಆಸ್ಪತ್ರೆಯವರು ಕೋಣೆಯೊಳಗೆ ಬಿಡದ್ದರಿಂದ ಚಿತ್ತಮ್ಮ ಹಿಂಡನ್ನು ಒಳಗೆ ಕೂಡಲು ವಾಪಸು ಬಂದಿದ್ದಳು. ರೊಪ್ಪದ ಬಾಗಿಲಲ್ಲಿ ಕೂತು ಒಂದೊಂದೇ ಕುರಿಯ ಹಿಂಗಾಲು ಹಿಡಿದು ನೋಡಿ ಒಳಗೆ ಬಿಡುತ್ತಿದ್ದಳು. ದಾಕ್ಷಾಯಿಣಿ ಹತ್ತಿರದ ಕುರಿಯ ಕಿವಿ ಮಡಿಸಿದಳು. ಹೆಸರುಕಾಳಿನಷ್ಟು ದಪ್ಪಗಾದ ಮೂರು ಉಣ್ಣಿಗಳು. ಇನ್ನೊಂದರಲ್ಲಿ ನಾಲ್ಕು.

“ಕೀಳಲಿಲ್ವಾ ಅಮ್ಮ?”

“ಯಾಕೆ ಕೀಳಾನ? ಎಂಟು ದಿನ ಅಂದಿದ್ನಲ್ಲ.”

“ಆದರೆ ಕ್ಯಾತಣ್ಣನಿಗೆ...”

“ಮೈ ಬಿಸಿ ಅಂದ ತಕ್ಷಣ ಬಟ್ಟೆ ಬಿಚ್ಚಿಸಿ ಮೈಯೆಲ್ಲ ಹುಡುಕಿದೆ. ಮೊದ್ಲು ಕಿವಿ ನೋಡಿದೆ. ಇರ್ಲಿಲ್ಲ. ಸೊಂಟದಾಗೆ ಉಡಿದಾರದ ಕೆಳಗೆ ಅವಿತ್ಕಂಡಿತ್ತು.” ಅವಳು ಮುಂದಿನ ಕುರಿಯ ಕಾಲಿಗೆ ಕೈ ಹಾಕಿದಳು. “ಸಂದೀಲಿ ಅವಿತ್ಕಣಾದು ನಮ್ಮುವು. ನಿನ್ನದಲ್ಲ ಅಂತ ಆಗ್ಲೇ ಗೊತ್ತಾತು.”

ಯಂತ್ರಕ್ಕೆ ಐದು ಗಂಟೆ ಹಿಡಿದಿತ್ತು. ದಾಕ್ಷಾಯಿಣಿ ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತಳು. ಯಾಕೆಂದು ಕೇಳಿದ್ದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. “ಅಳಬ್ಯಾಡ, ಎದ್ದೇಳು, ಆ ಟಗರು ಹಿಡ್ಕ,” ಎಂದಳು ಚಿತ್ತಮ್ಮ. ಅವಳು ಹಿಡಿದುಕೊಂಡಳು.

ನಾಲ್ಕನೆಯ ದಿನ ಕ್ಯಾತಣ್ಣನ ವಸಡಿನಲ್ಲಿ ಸಣ್ಣಗೆ ರಕ್ತ ಕಾಣಿಸಿತು. ಐದನೆಯ ದಿನವೂ ಕಾಣಿಸಿತು. ಗಾಜಿನಾಚೆ ನಿಂತ ಚಿತ್ತಮ್ಮ ಎರಡು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹಿಂಡನ್ನು ಹಟ್ಟಿಯವರು ನೋಡಿಕೊಂಡರು. ಆರನೆಯ ದಿನ ರಕ್ತ ನಿಂತಿತು. ಏಳನೆಯ ದಿನ ಅವನು ಮುದ್ದೆ ಬೇಕೆಂದ. ಆಸ್ಪತ್ರೆಯವರು ಗಂಜಿ ಕೊಟ್ಟರು, ಅವನು ಬೈದುಕೊಂಡು ಕುಡಿದ.

ಮಾಘದಲ್ಲಿ ಮತ್ತೆ ರಕ್ತ ಪರೀಕ್ಷೆಯಾಯಿತು. ನೂರ ನಲವತ್ತರಲ್ಲಿ ನೂರ ಮೂವತ್ತೊಂದು ಹಳದಿ. ಹನ್ನೆರಡು ಹಿಂಡುಗಳಲ್ಲಿ ಇಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ. ಉಳಿದವರು ಎರಡು ಬಗೆಯ ಉಣ್ಣಿಯನ್ನೂ ಕಣ್ಣುಮುಚ್ಚಿ ಕಿತ್ತರೆ ಚಿತ್ತಮ್ಮ ಆರಿಸಿ ಕಿತ್ತಿದ್ದಳು. ಫಣೀಂದ್ರರು ಬಹಳ ದಿನದ ಮೇಲೆ ನಕ್ಕರು. “ಒಂದು ದೋಷ ಮಾತ್ರ ಸರಿಮಾಡಬೇಕು. ಮುಂದಿನ ತಲೆಮಾರನ್ನು ಮೊಲ ಬಿಟ್ಟು ಕುರಿಯ ಮೇಲೇ ಬೆಳೆಸಿ. ಈ ಕಿವಿಯ ಚಟ ಹೋಗಲಿ. ಕಾವಲಿನ ಉಣ್ಣಿ ಹಾಗೇ ಸಂದಿಯಲ್ಲಿ ಕೂತರೆ ಬೇರೆ ಅಂತ ಯಾರ ಕಣ್ಣಿಗೂ ಬೀಳಲ್ಲ, ಯಾರೂ ಆರಿಸಿ ಕೀಳಲ್ಲ.”

“ನಾಡಿದ್ದು ಹೇಳ್ತೀನಿ ಸರ್,” ಎಂದಳು ದಾಕ್ಷಾಯಿಣಿ.

ಮಾರನೆಯ ದಿನ ಅವಳು ಚಿತ್ತಮ್ಮನನ್ನು ಕೇಂದ್ರಕ್ಕೆ ಕರೆತಂದಳು. ಬಿಳಿ ಅಂಗಿ, ಕಾಲಿಗೆ ಚೀಲ, ತಲೆಗೆ ಟೋಪಿ ಹಾಕಿಸಿದಾಗ “ನನ್ನ ಮದುವೇಲೂ ಇಷ್ಟು ಸಿಂಗಾರ ಮಾಡಿರ್ಲಿಲ್ಲ,” ಎಂದು ಚಿತ್ತಮ್ಮ ನಕ್ಕಳು. ಮೊಲಗಳ ಕೋಣೆಯಲ್ಲಿ ಮಾತ್ರ ನಗು ನಿಂತಿತು. ಸಾಲಾಗಿ ಗೂಡುಗಳು, ಒಂದೊಂದರಲ್ಲಿ ಒಂದು ಮೊಲ, ಒಂದೊಂದು ಮೊಲದ ಕಿವಿಗೆ ಬಿಳಿ ಚೀಲ. ಅವಳು ಒಂದರ ಮುಂದೆ ಬಹಳ ಹೊತ್ತು ನಿಂತಳು.

“ಇವಕ್ಕೆ ಕಿವಿ ಕಲಿಸಿದ್ದು ನೀನು,” ಎಂದಳು.

“ಹೌದಮ್ಮ. ಗೊತ್ತಿಲ್ದೇ ಕಲಿಸಿದ್ದು.”

“ನಾನೂ ಹಂಗೇಯ.” ಚಿತ್ತಮ್ಮ ಕೈಗವಸಿನ ಮೇಲಿಂದಲೇ ಬಲಗೈ ಹೆಬ್ಬೆರಳನ್ನು ಸವರಿಕೊಂಡಳು. “ನಮ್ಮಲ್ಲಿ ಮೊದ್ಲು ಚಿಮಟ ಎಲ್ಲಿತ್ತು? ಹೇನು ಕುಕ್ಕಿದಂಗೆ ಎರಡು ಉಗುರಿನ ಮಧ್ಯೆ ಇಟ್ಟು ಕುಕ್ಕಾದು. ಚಟ್ ಅಂತ ಸದ್ದು ಬರಬೇಕು. ಸಿರಿಯಣ್ಣ ಮೂರು ವರ್ಸದ ಕೂಸು, ತೊಡೆ ಮ್ಯಾಲೆ ಕೂರಿಸ್ಕಂಡು ಕಲಿಸಿದೀನಿ. ಸದ್ದು ಬಂದ್ರೆ ಕೇಕೆ ಹಾಕಿ ನಗಾನು. ಅವನು ಹೋದ ಮ್ಯಾಲೆ ಆಸ್ಪತ್ರೆಯೋರು ಬಂದು ಹೇಳಿದ್ರು, ಉಗುರ ಸಂದೀಲಿ ಗಾಯ ಇತ್ತು, ಅಲ್ಲಿಂದ್ಲೇ ಉಣ್ಣಿ ರಕ್ತ ಸೇರೈತೆ ಅಂತ. ಅವನಿಗೆ ಉಗುರು ಕಲಿಸಿದ್ದು ನಾನು.”

ದಾಕ್ಷಾಯಿಣಿ ಅವಳ ಕೈ ಹಿಡಿದುಕೊಂಡಳು. ಎರಡು ಜೊತೆ ಕೈಗವಸಿನ ನಡುವೆಯೂ ಬಿಸಿ ತಾಕುತ್ತಿತ್ತು. ಮೊಲಗಳು ಹುಲ್ಲು ಕಡಿಯುತ್ತಿದ್ದವು.

ಮರುದಿನ ಅವಳು ಫಣೀಂದ್ರರ ಮುಂದೆ ಕೂತಳು. “ಕಿವಿಯ ಚಟ ಇರಲಿ ಸರ್. ತೆಗೆಯೋದು ಬೇಡ.”

“ಅದು ದೋಷ ಅಲ್ವೇನ್ರೀ?”

“ನಾವು ಬಿಟ್ಟ ಹುಳ ಯಾವುದು ಅಂತ ಹಟ್ಟಿಯವರಿಗೆ ಗೊತ್ತಾಗೋದು ಅದರಿಂದಲೇ. ಬೇಡ ಅನಿಸಿದ ದಿನ ಕಿತ್ತು ಹಾಕಬಹುದು, ಬೇಕು ಅಂದರೆ ಬಿಡಬಹುದು. ಕಣ್ಣಿಗೇ ಬೀಳದ ಹಾಗೆ ಮಾಡಿದರೆ ನಾವೇ ಅವರಿಗೆ ಮೋಸ ಮಾಡಿದ ಹಾಗೆ. ಮುಂದಿನ ಹಟ್ಟಿಗಳಲ್ಲಿ ಸಭೆ ಹೆಂಗಸರದು. ಹೇಳಿಕೊಡೋದು ಚಿತ್ತಮ್ಮ.”

ಫಣೀಂದ್ರರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು. “ಸಮಿತಿಗೆ ಏನಂತ ಬರೀಲಿ?”

“ಇದನ್ನೇ ಬರೀರಿ.”

ಹಿಂಡು ಕೆಳಗಿನ ಬಯಲಿಗೆ ಇಳಿಯುವ ಹಿಂದಿನ ಮಧ್ಯಾಹ್ನ ದಾಕ್ಷಾಯಿಣಿ ರೊಪ್ಪಕ್ಕೆ ಹೋದಾಗ ಒಂದು ಕುರಿ ಈದು ಮೂರು ದಿನವಾಗಿತ್ತು. ಹೊಸ ಮರಿಗಳಿಗೆಂದು ಬೇಲಿಗೆ ಮತ್ತೆ ಕೊಳವೆ ಸಿಕ್ಕಿಸಿದ್ದರು. ಕ್ಯಾತಣ್ಣ ಇನ್ನೂ ಸೊರಗಿದ್ದ, ಆದರೂ ಕತ್ತಿ ಮಸೆಯುತ್ತಿದ್ದ. ಚಿತ್ತಮ್ಮ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಾಲದ ಬುಡ ನೋಡಿದಳು, ತೊಡೆಯ ಸಂದಿ ನೋಡಿದಳು, ಒಂದನ್ನು ಚಿಮಟದಲ್ಲಿ ಕಿತ್ತು ಕರಟಕ್ಕೆ ಹಾಕಿದಳು. ಆಮೇಲೆ ಮರಿಯ ಕಿವಿ ಮಡಿಸಿದಳು. ಎಳ್ಳುಕಾಳಿನಷ್ಟು ಸಣ್ಣದೊಂದು ಅದಾಗಲೇ ಹುಡುಕಿಕೊಂಡು ಬಂದು ಕೂತಿತ್ತು.

ಅವಳ ಬಲಗೈ ಹೆಬ್ಬೆರಳು ಅದರ ಮೇಲೆ ಬಂದು ನಿಂತಿತು. ಐವತ್ತು ವರ್ಷದ ಅಭ್ಯಾಸ ಆ ಉಗುರಿನಲ್ಲಿತ್ತು.

“ಸಿರಿಯಣ್ಣ ಇದ್ದಿದ್ರೆ ಅವನಿಗೂ ಹೇಳಿಕೊಡ್ತಿದ್ದೆ,” ಎಂದಳು ಚಿತ್ತಮ್ಮ, “ಇದನ್ನ ಬಿಡಬೇಕು ಕಣಪ್ಪ ಅಂತ.”

ಹೆಬ್ಬೆರಳು ಸರಿಯಿತು. ಅವಳು ಮಡಿಸಿದ ಕಿವಿಯನ್ನು ಮೆಲ್ಲಗೆ ಬಿಟ್ಟು, ಮರಿಯನ್ನು ತಾಯಿಯ ಕೆಚ್ಚಲಿಗೆ ಹಚ್ಚಿದಳು.